ನಾಲಿಗೆಯಡಿಯ ಎಲೆ

ಎಲ್ಲಕ್ಕೂ ಕಾರಣ ಒಂದು ದವಡೆ ಹಲ್ಲು. ಬೆಳಗ್ಗೆ ಅಂಗಡಿಗೆ ಬರುವಾಗಲೇ ದಾರದಣ್ಣನ ಕೆನ್ನೆ ನೀರು ಕುಡಿದ ರಟ್ಟಿನಂತೆ ಊದಿತ್ತು. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಅಂಗಡಿಯಲ್ಲಿ ಹೊಲಿಗೆಯೆಲ್ಲ ಅವನದೇ. ಅದಕ್ಕೇ ಆ ಹೆಸರು.

ಅವನು ಹಿಂದಿನ ದಿನವಷ್ಟೇ ಹೊಲಿದ ಮೂಲಿಕೆಯ ಪುಸ್ತಕವೊಂದು ಮೇಜಿನ ಮೇಲಿತ್ತು. ಪುಟದ ಸಂಖ್ಯೆಗಳನ್ನೆಲ್ಲ ಹುಳು ತಿಂದಿದ್ದರಿಂದ ಹಾಳೆಗಳನ್ನು ಅಂದಾಜಿನ ಮೇಲೆ ಜೋಡಿಸಿದ್ದ.

"ಇಲ್ನೋಡು ದಾರದಣ್ಣ," ಎಂದಳು ಹಾಳೆ ಮಡಿಚುವ ಅಕ್ಕ. "ನಮ್ಮ ಹಿತ್ತಿಲ ಗೋಡೆ ಬಿರುಕಲ್ಲಿ ಬೆಳೆದಿದೆಯಲ್ಲ, ಅದೇ ಗಿಡ. ಮಾಯದ ಗಾಯಕ್ಕೆ ಅರೆದು ಹಚ್ಚೋದು, ಬೆಚ್ಚಿಬೀಳೋ ಮಗೂಗೆ ದಿಂಬಿನಡಿ ಇಡೋದು, ಹಲ್ಲುನೋವಿಗೆ ನಾಲಿಗೆಯಡಿ. ನೂರು ಎಣಿಸಬೇಕಂತೆ."

ಅವನು ಎಲೆ ತಂದು ಇಟ್ಟುಕೊಂಡು, ನೂರು ಎಣಿಸಿ ಉಗಿದ. ನೋವು ಹೋಗಲಿಲ್ಲ. ಎಲೆ ಮಾತ್ರ ಆಗತಾನೇ ಕಿತ್ತಂತೆ ಹಸಿರಾಗಿತ್ತು.

ಅಕ್ಕ ಮುಂದೆ ಓದಿದಳು. "ಜೀವ ಇದೆಯೋ ಇಲ್ಲವೋ ಎಂದು ಸಂಶಯ ಬಂದಲ್ಲಿಯೂ ಹಿರಿಯರು ಇದನ್ನೇ ಇಡುತ್ತಿದ್ದರು. ಎಲೆ ಹಸಿರಾಗಿಯೇ ಉಳಿದರೆ..." ಹಾಳೆ ತಿರುವಿದಳು, ದನಿ ಇಳಿಯಿತು. "...ಪ್ರಾಣ ಹೋಗಿದೆಯೆಂದು ತಿಳಿದು ಬಂಧುಗಳಿಗೆ ಹೇಳಿಕಳಿಸತಕ್ಕದ್ದು."

ರಟ್ಟು ಕತ್ತರಿಸುತ್ತಿದ್ದ ಯಜಮಾನರ ಕೈ ನಿಂತಿತು.

"ಎಲೇಲೇ ಏನೋ ದೋಷ ಇರಬೇಕು," ಎಂದು ಅಂಟು ಕುದಿಸುವ ತಾತ ತಾನೂ ಒಂದು ಇಟ್ಟುಕೊಂಡ. ಅಕ್ಕನೂ ಯಜಮಾನರೂ ಇಟ್ಟುಕೊಂಡರು. ನೂರಾಯಿತು. ಮೂರು ಎಲೆಗಳೂ ಮಸಿಯಂತೆ ಕಪ್ಪಾಗಿದ್ದವು. ಮೂವರೂ ನೆಮ್ಮದಿಯಿಂದ ಉಸಿರು ಬಿಟ್ಟರು.

ಅಲ್ಲಿಂದಾಚೆಗೆ ಯಾರೂ ದಾರದಣ್ಣನ ಮುಖ ನೋಡಲಿಲ್ಲ. ತಾತ ಮಾತ್ರ ಕೈ ಮುಟ್ಟಿ ನೋಡಿದ. "ತಣ್ಣಗಿದೆ."

"ಈಗ ನೀರಲ್ಲಿ ತೊಳೆದೆ, ತಾತ."

"ಹೋದೋರೆಲ್ಲ ಹಿಂಗೇ ಏನೋ ಒಂದು ಹೇಳ್ತಾರೆ ಕಣಪ್ಪ."

"ಸತ್ತಿದ್ರೆ ಹಲ್ಲು ಯಾಕೆ ನೋಯ್ಬೇಕು?"

"ಅಭ್ಯಾಸ."

ಯಜಮಾನರು ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಒಳ್ಳೇ ಕೆಲಸಗಾರನಾಗಿದ್ದ," ಎಂದರು; ಅದೂ ಅವನ ಎದುರಿಗೇ. ಅಕ್ಕ ಅವನ ಊಟದ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಇನ್ನು ನಿಂಗ್ಯಾಕಣ್ಣ."

ಮಧ್ಯಾಹ್ನದ ಹೊತ್ತಿಗೆ ದಾರದಣ್ಣನಿಗೂ ಅನುಮಾನ ಬಲಿಯಿತು. ಕಣ್ಣು ಮುಚ್ಚಿ ದೇವರನ್ನು ನೆನೆದ. ಹೆಂಡತಿ ಹೋಗಿ ಎಂಟು ತಿಂಗಳಾಗಿತ್ತು. ತಾನೂ ಹೋಗಿದ್ದರೆ ಅವಳು ಬಾಗಿಲಲ್ಲಿ ನಿಂತಿರಬೇಕಿತ್ತು. ಒಂದು ದಿನವೂ ಕಾಯಿಸಿದವಳಲ್ಲ. ಕಣ್ಣು ತೆರೆದ. ಬಾಗಿಲಲ್ಲಿ ಬಿಸಿಲೊಂದೇ ಇತ್ತು.

ಹಾಗಾದರೆ ತಪ್ಪಿರುವುದು ತನ್ನ ಹೊಲಿಗೆಯಲ್ಲಿ.

ದಾರ ಬಿಚ್ಚಿ, ಹುಳು ಕೊರೆದ ತೂತಿಗೆ ತೂತು ಹೊಂದುವಂತೆ ಹಾಳೆಗಳನ್ನು ಮತ್ತೆ ಜೋಡಿಸಿದ. ಅಕ್ಕ ತಿರುವಿ ಓದಿದ್ದ ಹಾಳೆ ಬೇರೆ ಗಿಡದ್ದು. ಸರಿಯಾದದ್ದು ಸಿಕ್ಕಿದಾಗ ಗಟ್ಟಿಯಾಗಿ ಓದಿದ: "ಎಲೆ ಹಸಿರಾಗಿಯೇ ಉಳಿದರೆ ಜೀವವಿದೆಯೆಂದು ತಿಳಿಯತಕ್ಕದ್ದು. ಕಪ್ಪಾದಲ್ಲಿ ಬಂಧುಗಳಿಗೆ ಹೇಳಿಕಳಿಸತಕ್ಕದ್ದು."

ಖುಷಿಯಿಂದ ತಲೆಯೆತ್ತಿದ. ಮೂವರೂ ಅಲ್ಲಾಡದೆ ನಿಂತಿದ್ದರು. ತಾತನ ಬೆರಳುಗಳು ಕೊತಕೊತ ಕುದಿಯುವ ಅಂಟಿನೊಳಗೇ ಇದ್ದವು. ತಾತನಿಗೆ ಅದು ತಿಳಿದಂತೆ ಕಾಣಲಿಲ್ಲ.

ಯಜಮಾನರು ಹೋಗಿ ಬಾಗಿಲು ಹಾಕಿದರು. ದಾರದ ಉಂಡೆಯನ್ನು ತಂದು ಅವನ ಮುಂದಿಟ್ಟರು.

"ಮೊದಲು ಹೇಗಿತ್ತೋ ಹಾಗೇ ಹೊಲಿದುಬಿಡಪ್ಪ," ಎಂದರು, ತಗ್ಗಿದ ದನಿಯಲ್ಲಿ. "ನಿನ್ನೊಬ್ಬನಿಗೋಸ್ಕರ ಮೂರು ಮನೇಲಿ ಅಳು ಯಾಕೆ?"

ದಾರದಣ್ಣ ಸೂಜಿಗೆ ದಾರ ಪೋಣಿಸಿದ. ಹಲ್ಲು ನೋಯುತ್ತಲೇ ಇತ್ತು.