ಏಳು ಮಂದಿಯಲ್ಲಿ ಆರು ಮಂದಿ

ನಮ್ಮ ವಿಶ್ವವಿದ್ಯಾಲಯದ ರಾಜಕೀಯ ತತ್ವಶಾಸ್ತ್ರ ವಿಭಾಗದಲ್ಲಿ ಈ ಸಾಲಿನ ಎಂ.ಎ. ಪರೀಕ್ಷೆ ಬರೆದ ಏಳು ಮಂದಿಯಲ್ಲಿ ಆರು ಮಂದಿ ಉತ್ತೀರ್ಣರಾಗಿದ್ದಾರೆ. ಆ ಆರು ಮಂದಿ ಯಾರೆಂಬುದು ಯಾರಿಗೂ ಗೊತ್ತಿಲ್ಲ. ಇದರಲ್ಲಿ ಅಕ್ರಮವೇನೂ ನಡೆದಿಲ್ಲವೆಂದು ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟನಾಗಿ ನಾನು ಮೊದಲೇ ಸ್ಪಷ್ಟಪಡಿಸಬೇಕು. ಅಕ್ರಮ ನಡೆದದ್ದು ಹಿಂದಿನ ವರ್ಷ.

ಹಿಂದಿನ ವರ್ಷ ಕುಲಸಚಿವರ ಭಾವಮೈದುನ ಐದು ವಿಷಯಗಳಲ್ಲಿ ಮೊದಲ ರ‍್ಯಾಂಕ್ ಪಡೆದರು. ಅವುಗಳಲ್ಲಿ ಮೂರಕ್ಕೆ ಅವರು ಪರೀಕ್ಷೆಯನ್ನೂ ಬರೆದಿದ್ದರು. ಗಲಾಟೆಯಾಯಿತು. ನ್ಯಾಯವೆಂದರೇನೆಂದು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕುಲಪತಿಗಳು ಸುತ್ತೋಲೆ ಹೊರಡಿಸಿದರು. ಕಾನೂನು ವಿಭಾಗ ಇದು ತನಗೆ ಸಂಬಂಧಿಸಿದ್ದಲ್ಲವೆಂದು ಕಡತವನ್ನು ಹಿಂತಿರುಗಿಸಿತು. ಕೊನೆಗೆ ಮೂರನೇ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ, ರಾಜಕೀಯ ತತ್ವಶಾಸ್ತ್ರದ ಪ್ರಾಧ್ಯಾಪಕರು ಸಿಕ್ಕರು. ಇಪ್ಪತ್ತೆರಡು ವರ್ಷಗಳಲ್ಲಿ ಅವರನ್ನು ಆಡಳಿತದವರು ಏನನ್ನೂ ಕೇಳಿರಲಿಲ್ಲ. ಅವರು ಸಂತೋಷದಿಂದ ಒಂದೇ ವಾಕ್ಯ ಬರೆದುಕೊಟ್ಟರು: "ಹಂಚುವವನಿಗೆ ತಾನು ಯಾರಿಗೆ ಹಂಚುತ್ತಿದ್ದೇನೆಂಬುದು ಗೊತ್ತಿರಬಾರದು."

ಅದೇ ನಿಯಮ ಹದಿನಾಲ್ಕು ಆಯಿತು. ಅದರ ಪ್ರಕಾರ ಉತ್ತರಪತ್ರಿಕೆಯಲ್ಲಿ ನಂಬರು ಮಾತ್ರ ಇರಬೇಕು. ಯಾವ ನಂಬರು ಯಾರದೆಂಬ ಪಟ್ಟಿ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿರಬೇಕು. ಲಕೋಟೆಯನ್ನು, ತೆರೆದ ಮೇಲೂ ಹೆಸರುಗಳು ತಿಳಿಯದಂಥವರು ಮಾತ್ರ ತೆರೆಯತಕ್ಕದ್ದು. ಈ ಅರ್ಹತೆಯವರು ಬೇಕೆಂದು ಎರಡು ಸಲ ಜಾಹೀರಾತು ಕೊಟ್ಟೆವು. ಅರ್ಜಿ ಹಾಕಿದವರಿಗೆಲ್ಲ ಓದುಬರಹ ಬರುತ್ತದೆಂದು ಅವರ ಅರ್ಜಿಗಳಿಂದಲೇ ರುಜುವಾತಾದ ಕಾರಣ ಅವರನ್ನು ಕೈಬಿಡಲಾಯಿತು.

ಒಂದು ಗುರುವಾರ ಆ ಏಳು ಮಂದಿಯಲ್ಲೊಬ್ಬ ವಿದ್ಯಾರ್ಥಿನಿ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಬಟ್ಟೆ ಹೊಲಿಯುವವರು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಹುಡುಗಿಗೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗುವುದಿತ್ತು. ಸೋಮವಾರದೊಳಗೆ ಸರ್ಟಿಫಿಕೇಟು ತೋರಿಸದಿದ್ದರೆ ಅದು ಬೇರೆಯವರ ಪಾಲು.

"ಸಾರ್, ನನ್ನ ಮಗಳು ಪಾಸೋ ಫೇಲೋ? ಅಷ್ಟು ಹೇಳಿಬಿಡಿ" ಎಂದರು ತಾಯಿ.

"ಆರು ಜನ ಪಾಸಾಗಿದ್ದಾರಮ್ಮ. ಸಂತೋಷದ ವಿಷಯ."

"ಅದರಲ್ಲಿ ಇವಳಿದ್ದಾಳಾ?"

"ಇಲ್ಲ ಅನ್ನೋಕೆ ನನ್ನ ಹತ್ತಿರ ಆಧಾರ ಇಲ್ಲ."

"ಇದ್ದಾಳೆ ಅನ್ನೋಕೆ?"

"ಅದಕ್ಕೂ ಇಲ್ಲ."

"ಅಲ್ಲ ಸಾರ್, ಆರು ಅಂಗಿ ಹೊಲಿದಿಟ್ಟಿದೀನಿ, ಯಾವುದು ಯಾರದು ಅಂತ ಗೊತ್ತಿಲ್ಲ ಅಂದ್ರೆ ನನ್ನ ಗಿರಾಕಿಗಳು ಸುಮ್ನೆ ಬಿಡ್ತಾರಾ?"

"ನಿಮ್ಮದು ಖಾಸಗಿ ವಲಯ" ಎಂದೆ.

ಅಷ್ಟರಲ್ಲಿ ಮಗಳು ನನ್ನ ಮೇಜಿನ ಮೇಲಿದ್ದ, ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿದ್ದ ಉತ್ತರಪತ್ರಿಕೆಯನ್ನು ನೋಡಿಬಿಟ್ಟಳು. "ಸಾರ್, ಇದು ನಂದೇ! ನನ್ನ ಅಕ್ಷರ!"

ಪತ್ರಿಕೆಯನ್ನು ಬೋರಲು ಹಾಕಿದೆ. "ಸ್ವಂತ ಅಕ್ಷರವನ್ನು ಗುರುತಿಸುವುದು ಪರೀಕ್ಷಾ ಅವ್ಯವಹಾರ ಕಣಮ್ಮ. ಈ ಸಲ ನಾನು ಕೇಳಿಸಿಕೊಂಡಿಲ್ಲ."

"ಫೇಲಾದವನು ಯಾರು ಅಂತ ಊರಿಗೆಲ್ಲ ಗೊತ್ತು ಸಾರ್. ನಮ್ಮ ನಿದ್ದೆರಾಯ. ಮೂರು ಗಂಟೆ ಗೊರಕೆ ಹೊಡೆದು ಖಾಲಿ ಹಾಳೆ ಕೊಟ್ಟು ಹೋದ."

"ಊರಿಗೆ ಗೊತ್ತಿರುವುದು ಬೇರೆ, ಕಡತಕ್ಕೆ ಗೊತ್ತಿರುವುದು ಬೇರೆ."

ಇಬ್ಬರನ್ನೂ ಪ್ರಾಧ್ಯಾಪಕರ ಬಳಿ ಕರೆದೊಯ್ದೆ. ಅವರು ಕಸಿವಿಸಿಗೊಂಡರು. "ನಾನು ಹೇಳಿದ್ದು ನಿಯಮ ಮಾಡುವಾಗಿನ ಮಾತು. ಸರ್ಟಿಫಿಕೇಟು ಕೊಡುವಾಗಿನದಲ್ಲ."

"ಹಾಗಂತ ಬರೆದುಕೊಡ್ತೀರಾ?" ಎಂದೆ.

ಅವರು ಪೆನ್ನು ತೆರೆದರು. ಗೋಡೆ ನೋಡಿದರು. ಅಲ್ಲಿ ಅವರ ವಾಕ್ಯಕ್ಕೆ ವಿಶ್ವವಿದ್ಯಾಲಯವೇ ಕಟ್ಟು ಹಾಕಿಸಿ ಮೊಳೆ ಹೊಡೆಸಿತ್ತು. ಪೆನ್ನು ಮುಚ್ಚಿದರು. "ವ್ಯಕ್ತಿಗಿಂತ ತತ್ವ ದೊಡ್ಡದಮ್ಮ" ಎಂದರು.

ಆದರೂ ಆಡಳಿತಕ್ಕೆ ಕರುಳಿಲ್ಲವೆನ್ನಬಾರದು. ಶನಿವಾರ ಏಳೂ ಮಂದಿಗೆ ಕುಲಪತಿಗಳ ಸಹಿಯಿರುವ ಸರ್ಟಿಫಿಕೇಟು ಕೊಟ್ಟೆವು: "ಇದನ್ನು ಹಿಡಿದಿರುವವರು, ಆರು ಮಂದಿ ಉತ್ತೀರ್ಣರಾಗಿರುವ ಏಳು ಮಂದಿಯ ತರಗತಿಗೆ ಸೇರಿದವರೆಂದು ಈ ಮೂಲಕ ದೃಢೀಕರಿಸಲಾಗಿದೆ."

ಹುಡುಗಿಯ ಕಣ್ಣು ತುಂಬಿತು. "ಇದನ್ನ ತಗೊಂಡು ಯಾರಿಗೆ ತೋರಿಸಲಮ್ಮ?"

ತಾಯಿ ಕಾಗದವನ್ನು ಎರಡು ಸಲ ಓದಿದರು, ಹಿಂದುಮುಂದು ತಿರುಗಿಸಿದರು. "ನೀನು ಫೇಲು ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲೇ. ಅಳೋದು ನಿಲ್ಸು, ನಡಿ."

ಸೋಮವಾರ ಕಾಲೇಜಿನ ಪ್ರಿನ್ಸಿಪಾಲರು ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತರಂತೆ. ಇಷ್ಟು ನಿಷ್ಪಕ್ಷಪಾತವಾದ ಸರ್ಟಿಫಿಕೇಟನ್ನು ತಾವು ಕಂಡೇ ಇಲ್ಲವೆಂದರಂತೆ. ಸ್ಫೂರ್ತಿಗೊಂಡು ಅಲ್ಲೇ ಆದೇಶ ಬರೆಸಿದರು: "ಅರ್ಜಿದಾರರಲ್ಲಿ ಒಬ್ಬರನ್ನು ನೇಮಿಸಲಾಗಿದೆ."

"ಅದು ನಾನೇನಾ ಸಾರ್?"

"ಬಂದು ಕೂತಿರೋರು ನೀವೇ ತಾನೇ? ಹತ್ತು ಗಂಟೆಗೆ ಕ್ಲಾಸಿದೆ, ಹೋಗಿ."

ಸುದ್ದಿ ಹರಡಿತು. ಉಳಿದ ಆರು ಮಂದಿಯೂ ಒಂದೊಂದು ಕಾಲೇಜಿಗೆ ಹೋಗಿ ಕೂತರು. ನಿದ್ದೆರಾಯ ಈಗ ತನ್ನ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ. ಪಾಸಾದವರು ಆರು, ಕೆಲಸ ಸಿಕ್ಕಿದವರು ಏಳು. ಇಂಥ ಫಲಿತಾಂಶ ನಮ್ಮಲ್ಲಿ ಹಿಂದೆಂದೂ ಬಂದಿರಲಿಲ್ಲ.

ಮೊನ್ನೆ ಆ ಹುಡುಗಿಯ ಕಾಲೇಜಿಗೆ ತಪಾಸಣೆಗೆ ಹೋಗಿದ್ದೆ. ಹುಡುಗಿ ನ್ಯಾಯದ ಬಗ್ಗೆಯೇ ಪಾಠ ಮಾಡುತ್ತಿದ್ದಳು. ತುಂಬ ಚೆನ್ನಾಗಿ ಮಾಡಿದಳು. ಮುಗಿದ ಮೇಲೆ ಅರವತ್ತು ಮಂದಿಯ ಆ ತರಗತಿಯ ಹಾಜರಿ ಪುಸ್ತಕ ತೆರೆದಳು. ಹೆಸರು ಕರೆಯುವ ಪದ್ಧತಿಯನ್ನು ಅಲ್ಲಿಯೂ ರದ್ದುಪಡಿಸಲಾಗಿದೆ.

"ಬಂದಿರೋರೆಲ್ಲ ಬಂದಿದೀರಾ?" ಎಂದಳು.

"ಬಂದಿದೀವಿ ಮೇಡಂ" ಎಂದು ಹನ್ನೊಂದು ಮಂದಿ ಕೂಗಿದರು.

ಅರವತ್ತು ಎಂದು ಬರೆದು ಪುಸ್ತಕವನ್ನು ನನ್ನತ್ತ ತಳ್ಳಿದಳು. ಸರಿಯಾಗಿದೆಯೆಂದು ಸಹಿ ಹಾಕಿದೆ.