ಆರು ಬಕೆಟ್ ಹೊರಗೆ, ನಾಲ್ಕು ಒಳಗೆ

"ಇವತ್ತು ಈ ಲಾರಿ ಹೊಟ್ಟೆ ತೊಳ್ದು ಕನ್ನಡಿ ಮಾಡ್ತೀನಿ. ಮೆಕ್ಯಾನಿಕ್ಕೂ ಬೇಡ, ಗ್ಯಾರೇಜೂ ಬೇಡ."

ಬೆಳಗಿನ ಕಾಫಿ ಲೋಟ ಕೆಳಗಿಡುತ್ತಾ ಪ್ರೊಫೆಸರ್ ಘೋಷಿಸಿದ. ಕಾಲೇಜಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಅವನು ಲಾರಿ ಡ್ರೈವರ್. ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುವ ಚಾಳಿಯಿಂದಾಗಿ ಲಾರಿ ಸ್ಟ್ಯಾಂಡಿನವರು ದಯಪಾಲಿಸಿದ ಪದವಿ ಅದು.

ಲಾರಿಯೂ ಅವನದಲ್ಲ, ಮಾವನದು. ಮೂವತ್ತು ವರ್ಷ ಓಡಿಸಿ ಸುಸ್ತಾದ ಮಾವ ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದರು: "ಒಂದು ವರ್ಷ ನೋಡ್ತೀನಿ, ಅಳಿಯಂದ್ರೆ. ಇದನ್ನ ಸಾಕೋ ಯೋಗ್ಯತೆ ಇದೆ ಅನ್ನಿಸಿದ್ರೆ ಬರ್ಕೊಟ್ಬಿಡ್ತೀನಿ." ಆ ವರ್ಷ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಮಾವ ಬರುವವರಿದ್ದರು. ಪ್ರೊಫೆಸರನಿಗೆ ಲಾರಿಯ ಮೇಲೆ ಪ್ರಾಣ.

ಅಂಗಳದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಏರಿಸಿ ಅವನು ರಣರಂಗಕ್ಕಿಳಿದ. ಹೆಂಡತಿ ರಜೆಯ ದಿನವಾದ್ದರಿಂದ ಬಾಗಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವಳು. ಹತ್ತಿಯ ಒಂದು ಉಂಡೆಯೂ ಅವಳ ಲೆಕ್ಕ ತಪ್ಪಿಸಿ ಹೊರಗೆ ಹೋದದ್ದಿಲ್ಲ.

"ಕೇಳು, ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರ್ದು. ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಮುಟ್ಟಿದವನು ಮೂರ್ಖ," ಎಂದು ಪ್ರೊಫೆಸರ್ ಪಾಠ ಶುರುಮಾಡಿದ.

"ಸರಿ. ಹೊರಗೆ ಬರೋ ಹಳೇ ಕೂಲೆಂಟ್‌ನ ಯಾವುದಕ್ಕೆ ಹಿಡೀತೀರಿ?"

"ಬಚ್ಚಲಿನ ಬಕೆಟ್‌ಗೆ."

"ಅದು ವಿಷ ಅಂತ ಡಬ್ಬಿ ಮೇಲೇ ಬರ್ದಿದೆ. ಬೆಕ್ಕು ನೆಕ್ಕಿದ್ರೆ ಗತಿಯೇನು?" ಎಂದವಳೇ ಹಳೆಯ ಬಕೆಟ್ ಒಂದನ್ನೂ ಮುಚ್ಚಳವಿರುವ ಕ್ಯಾನುಗಳನ್ನೂ ತಂದಿಟ್ಟಳು. ಎಂಜಿನ್ ತಣ್ಣಗಿಡುವ, ಈಗ ತುಕ್ಕು ಬಣ್ಣಕ್ಕೆ ತಿರುಗಿದ್ದ ಆ ಹಳೇ ಕೂಲೆಂಟ್ ಬಕೆಟ್ ತುಂಬಿ ಕ್ಯಾನು ಸೇರಿದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಒಟ್ಟು ಆರು ಗೆರೆಯಾಯಿತು.

ಆಮೇಲೆ ತೊಳೆಯುವ ಔಷಧಿ ಹಾಕಿ ಎಂಜಿನ್ ಓಡಿಸಿದ್ದು, ಆರಿಸಿದ್ದು, ಹೊರಬಂದ ನೀರು ತಿಳಿಯಾಗುವವರೆಗೆ ಜಾಲಿಸಿದ್ದು, ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. ಅಷ್ಟರಲ್ಲಿ ಗಂಟೆ ಮೂರು. ಇನ್ನು ಹೊಸ ಕೂಲೆಂಟ್ ತುಂಬುವುದಷ್ಟೇ. ಮೇಲಿನ ಪೈಪಿನ ಪಕ್ಕ ಗಾಳಿ ಬಿಡುವ ಪುಟ್ಟ ಸ್ಕ್ರೂ ಒಂದಿದೆ. ಅದನ್ನು ಸಡಿಲಿಸಿ ನಿಧಾನವಾಗಿ ಸುರಿದರೆ ಒಳಗಿನ ಗಾಳಿ ಹೊರಗೆ ಬರುತ್ತದೆ. ಆದರೆ ಮಾವನ ಎದುರು ಒಂದು ಹನಿಯೂ ಸೋರಬಾರದು ಎಂದುಕೊಂಡ ಪ್ರೊಫೆಸರ್ ಅದನ್ನು ಇನ್ನಷ್ಟು ಬಿಗಿದು, ದಡಬಡ ಸುರಿದ. ನಾಲ್ಕನೇ ಬಕೆಟ್‌ಗೇ ರೇಡಿಯೇಟರ್ ಕಂಠಪೂರ್ತಿ ತುಂಬಿತು.

"ನೋಡಿದ್ಯಾ? ನನ್ನ ಕೈಗುಣ. ನಾಲ್ಕರಲ್ಲೇ ಮುಗೀತು."

ಹೆಂಡತಿ ಗೋಡೆ ನೋಡಿದಳು. "ರೀ, ಆರು ಬಕೆಟ್ ಹೊರಗೆ ಬಂತು, ನಾಲ್ಕು ಒಳಗೆ ಹೋಯ್ತು. ಇನ್ನೆರಡರ ಜಾಗದಲ್ಲಿ ಏನಿದೆ?"

"ಇದು ನಿನ್ನ ಉಗ್ರಾಣ ಅಲ್ಲ ಕಣೇ, ಎಂಜಿನ್ನು. ಚೊಕ್ಕಟ ಆದ್ಮೇಲೆ ಕಮ್ಮಿ ಕುಡಿಯುತ್ತೆ."

ಕಮ್ಮಿ ಕುಡಿಯುವ ಎಂಜಿನ್ ಇಪ್ಪತ್ತು ನಿಮಿಷ ಓಡುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಿತು. ಎಂಜಿನ್ ಸೀದುಹೋದರೆ ಮಾವನಿಗೆ ಯಾವ ಮುಖ ತೋರಿಸುವುದು? ಆತುರಗಾರನಿಗೆ ಬುದ್ಧಿ ಮಟ್ಟ. ಎಂಜಿನ್ ನಿಲ್ಲಿಸಿ ಕೆಳಗೆ ಧುಮುಕಿದವನೇ ನೇರವಾಗಿ ಮುಚ್ಚಳಕ್ಕೆ ಕೈ ಚಾಚಿದ.

ಹೆಂಡತಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

"ಬಿಸಿ ಇರುವಾಗ ಮುಟ್ಟಿದವನು ಯಾರು ಅಂದ್ರಿ ಬೆಳಿಗ್ಗೆ?"

"...ಮೂರ್ಖ."

"ಹಾಗಾದ್ರೆ ಕೂತ್ಕೊಳ್ಳಿ."

ಕೂತ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಲಾರಿ ಆರುವುದನ್ನು ಕಾಯುತ್ತಿರುವಾಗಲೇ ಮಾವ ಗೇಟು ತೆಗೆದು ಬಂದರು. ಐದಕ್ಕೆ ಹತ್ತು ನಿಮಿಷ ಬಾಕಿಯಿತ್ತು. ಬಿಸಿ ಲಾರಿ, ಗೋಡೆಯ ಗೆರೆ, ಅಳಿಯನ ಮುಖ, ಮೂರನ್ನೂ ನೋಡಿ ಅವರೂ ಮೆಟ್ಟಿಲ ಮೇಲೆ ಕೂತರು. ಅವರು ಕೇಳುವ ಮೊದಲೇ ಪ್ರೊಫೆಸರ್ ಬಾಯಿಬಿಟ್ಟ. "ತಪ್ಪು ನಂದೇ ಮಾವ. ಲೆಕ್ಕ ಕೇಳಿದ್ದು ಇವಳು, ಕೇಳಿಸ್ಕೊಳ್ದೇ ಇದ್ದೋನು ನಾನು."

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಂಡತಿ ಪ್ರೊಫೆಸರ್ ತೋರಿಸಿದ ಆ ಗಾಳಿ ಸ್ಕ್ರೂ ಸಡಿಲಿಸಿ, ಚೂರುಚೂರೇ ಸುರಿದಳು. ಗುಳುಗುಳು ಗಾಳಿ ಬಿಡುತ್ತಾ ಲಾರಿ ಇನ್ನೆರಡು ಬಕೆಟ್ ನುಂಗಿತು. ಮತ್ತೆ ಓಡಿಸಿದಾಗ ಮುಳ್ಳು ನಡುಮಧ್ಯದಲ್ಲೇ ನಿಂತಿತು. ಮಾವ ಅರ್ಧ ಗಂಟೆ ಎಂಜಿನ್ ಸದ್ದಿಗೆ ಕಿವಿಗೊಟ್ಟು, "ಏನೂ ಆಗಿಲ್ಲ," ಎಂದರು. ಪ್ರೊಫೆಸರನಿಗೆ ಹೋದ ಜೀವ ಬಂದಂತಾಯಿತು.

ಮಾವ ಜೇಬಿನಿಂದ ಲಾರಿ ಬರೆದುಕೊಡುವ ಕಾಗದ ತೆಗೆದರು. ಸಹಿ ಆಗಲೇ ಹಾಕಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಪ್ರೊಫೆಸರ್ ಓಡಿಹೋಗಿ ಪೆನ್ನು ತಂದುಕೊಟ್ಟ. ಮಾವ ನಿಧಾನವಾಗಿ, ದುಂಡಗೆ, ಮಗಳ ಹೆಸರು ಬರೆದರು.

"ಮತ್ತೆ... ಓಡಿಸೋದು ನಾನೇ ತಾನೇ?" ಎಂದ ಪ್ರೊಫೆಸರ್ ಸಣ್ಣ ದನಿಯಲ್ಲಿ.

"ಅದನ್ನ ನನ್ನ ಕೇಳಿದ್ರೆ ಹೇಗೆ, ಅಳಿಯಂದ್ರೆ? ಓನರ್‌ನ ಕೇಳಿ."

ಓನರ್ ಕಾಗದ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅರ್ಜಿ ಬರ್ಕೊಂಡು ನಾಳೆ ಬನ್ನಿ," ಎಂದಳು. "ಅನುಭವ ಅನ್ನೋ ಕಡೆ ಇವತ್ತಿಂದು ಬರೀಬೇಡಿ."