ಗುಂಡಿಯಲ್ಲಿ ಕೂತವನಿಗೆ ಭೂಮಿ ಹೇಳಿದ್ದು

ಭೂಮಿ ಅಲ್ಲಾಡುವ ಮೊದಲು ಯಾರಿಗಾದರೂ ಒಂದು ಮಾತು ಹೇಳಿಯೇ ಅಲ್ಲಾಡುತ್ತದೆ. ಕೆಲವು ಊರಲ್ಲಿ ಇರುವೆಗೆ ಹೇಳುತ್ತದೆ, ಕೆಲವು ಕಡೆ ಹಾವಿಗೆ, ಕೋಳಿಗೆ ಹೇಳುತ್ತದೆ. ಪಲ್ಲಡಂ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ನನಗೆ ಹೇಳುತ್ತಿತ್ತು. ಹೀಗಾಗಿ ಒಂದಲ್ಲ ಒಂದು ಆಗುತ್ತಲೇ ಇತ್ತು, ನಾನೇನು ಮಾಡಲಿ?

ನನಗೇ ಯಾಕೆ ಅಂತ ಕೇಳಬಹುದು. ನಾನು ಓದಿದವನಲ್ಲ. ಶಾಲೆಯ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ತಪ್ಪಿಸಿಕೊಂಡ ಮೇಕೆ ಹಿಡಿಯೋಕೆ. ಆದರೆ ನನ್ನದು ಗುಂಡಿ ಮಗ್ಗ. ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯುವ ಮಗ್ಗ. ಮೀಸೆ ಮೂಡುವ ಮೊದಲು ಇಳಿಬಿಟ್ಟ ಕಾಲು, ಮೀಸೆ ನರೆತ ಮೇಲೂ ಅಲ್ಲೇ ಇತ್ತು. ಮೊಣಕಾಲಿನ ಮೇಲೆ ನಾನು ಮನುಷ್ಯ, ಕೆಳಗೆ ಭೂಮಿಯ ನೆಂಟ. ನಮ್ಮ ತಾತ ಇದೇ ಗುಂಡಿಯಲ್ಲಿ ಕಾಲಿಟ್ಟು ಕೊಯಮತ್ತೂರಿನಲ್ಲಿ ರೈಲು ಹೊರಟದ್ದನ್ನು ಹೇಳುತ್ತಿದ್ದ. ಅದರಲ್ಲಿ ಎಷ್ಟು ಜನ ಟಿಕೆಟ್ ತೆಗೆದುಕೊಂಡಿಲ್ಲ ಅನ್ನೋದನ್ನೂ ಹೇಳುತ್ತಿದ್ದ. ನನಗೆ ಅಷ್ಟು ಬರುವುದಿಲ್ಲ. ಸುಳ್ಳು ಯಾಕೆ ಹೇಳಲಿ, ರೈಲು ಮಾತ್ರ ಗೊತ್ತಾಗುತ್ತದೆ.

ಎದುರು ಮನೆಯ ಸಿಹಿ ಪೊಂಗಲ್

ಎಂಬತ್ತರ ದಶಕ ಶುರುವಾದ ಮೇಲೆ ನಮ್ಮ ಬೀದಿಗೆ ಒಂದೊಂದಾಗಿ ಪವರ್‌ಲೂಮ್ ಬರತೊಡಗಿತು. ಒಂದು ಬೆಳಿಗ್ಗೆ ಗುಂಡಿಯಲ್ಲಿ ಕಾಲಿಟ್ಟು ಲಾಳಿ ಹೊಡೆಯುತ್ತಿದ್ದೇನೆ, ಅಂಗಾಲು ಗುಂಯ್ ಅಂದಿತು. ಲಾಳಿ ನಿಲ್ಲಿಸಿದೆ. ಗುಂಯ್ ನಿಲ್ಲಲಿಲ್ಲ. ಆಮೇಲೆ ಟಡಕ್ ಟಡಕ್ ಅಂತ ಹಲ್ಲಿನವರೆಗೆ ಏರಿತು. ನಾನು ಹೆದರುವ ಆಸಾಮಿ ಅಲ್ಲ. ನಿಧಾನವಾಗಿ ಎದ್ದು, ಬೀದಿ ನಡುವೆ ನಿಂತು, ಪಲ್ಲಡಂಗೆ ಕೇಳಿಸುವಷ್ಟು ಮಾತ್ರ ಕೂಗಿದೆ: "ಭೂಮಿ ಅಲ್ಲಾಡುತ್ತೆ, ಎಲ್ಲರೂ ಹೊರಗೆ ಬನ್ನಿ!"

ಬೀದಿಗೆ ಬೀದಿಯೇ ಹೊರಗೆ ಬಂತು. ಒಬ್ಬ ಅರ್ಧ ಗಡ್ಡ ಕೆರೆದುಕೊಂಡು ಬಂದ. ಒಬ್ಬಳು ಅತ್ತೆಯನ್ನು ಒಳಗೆ ಬಿಟ್ಟು ಮಿಕ್ಸಿ ಎತ್ತಿಕೊಂಡು ಬಂದಳು. ಎದುರು ಮನೆಯವರು ಮಾತ್ರ ಬರಲಿಲ್ಲ. ಕೊನೆಗೆ ಆ ಮನೆಯ ಯಜಮಾನ ಕರ್ಪೂರದ ತಟ್ಟೆ ಹಿಡಿದು ಬಾಗಿಲಿಗೆ ಬಂದ.

"ಏನಣ್ಣಾ ಇದು? ಪೂಜೆಗೆ ಕರೆದರೆ ಎಲ್ಲರೂ ಬೀದಿಯಲ್ಲೇ ನಿಂತಿದ್ದೀರಿ? ಹೊಸ ಪವರ್‌ಲೂಮ್ ಸ್ವಿಚ್ ಹಾಕಿ ಆಯ್ತು, ಒಳಗೆ ಬನ್ನಿ."

ಆದರೂ ಯಾರೂ ಒಳಗೆ ಹೋಗಲಿಲ್ಲ. ನನ್ನ ಮಾತಿಗೆ ಅಷ್ಟು ತೂಕ. ವಿಧಿಯಿಲ್ಲದೆ ಅವನ ಹೆಂಡತಿ ಸಿಹಿ ಪೊಂಗಲ್ ಪಾತ್ರೆಯನ್ನೇ ಹೊರಗೆ ತಂದು, ನಿಂತವರಿಗೆಲ್ಲ ಎಲೆಯಲ್ಲಿ ಹಾಕಿದಳು.

ಅವತ್ತು ಸಂಜೆ ನನ್ನ ಮಗ ಬಂದು ಎದುರು ಕೂತ. ಅವನಿಗೆ ಈ ಗುಂಡಿ ಮುಚ್ಚಿ, ಅದರ ಮೇಲೆ ಸಿಮೆಂಟು ಹಾಕಿ, ಪವರ್‌ಲೂಮ್ ನಿಲ್ಲಿಸಬೇಕು ಅಂತ ಬಹಳ ದಿನದ ಆಸೆ.

"ಅಪ್ಪಾ, ಇದು ಗುಂಡಿ ಅಲ್ಲ, ಬೀದಿಗೆಲ್ಲ ಕಾವಲು ಅಂತೀರಲ್ಲ. ಒಂದೇ ಒಂದು ಸಲ ನಿಜ ಆಗಲಿ, ನಾನು ಇದನ್ನು ಮುಟ್ಟಲ್ಲ. ಆಗದಿದ್ದರೆ ಮಣ್ಣು ತುಂಬಿಸ್ತೀನಿ."

"ಆಗಲಿ" ಅಂದೆ. ನನ್ನ ಕಾಲಿನ ಮೇಲೆ ನನಗೆ ನಂಬಿಕೆ. ಬೀದಿಯವರಿಗೂ ಇತ್ತು. "ಅಣ್ಣಾ, ಮುಂದಿನ ಭೂಕಂಪ ಯಾವಾಗ?" ಅಂತ ಎಷ್ಟೋ ಜನ ಕೇಳಿದರು. ಪೊಂಗಲಿಗೆ ಗೋಡಂಬಿ ಚೆನ್ನಾಗಿ ಬಿದ್ದಿತ್ತು.

ಎತ್ತಿಗೆ ನಾಲ್ಕು ಕಾಲು

ನನ್ನ ಹೆಂಡತಿಯ ಅಣ್ಣನದು ಕಾಂಗೇಯಂನಲ್ಲಿ ತೆಂಗಿನೆಣ್ಣೆ ಮಿಲ್ಲು. ಮನೆಯಲ್ಲಿ ಒಂದು ಎತ್ತು, ಕಾಂಗೇಯಂ ತಳಿಯದೇ. ಅದರ ಕೊಂಬು ಎಷ್ಟು ಎತ್ತರ ಅಂದರೆ ಎಡ ಕೊಂಬಿನ ಮೇಲೆ ಕೂತ ಕಾಗೆಗೆ ಬಲ ಕೊಂಬಿನ ಕಾಗೆ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ನನ್ನ ಹೆಸರು ಆ ಕಡೆಗೂ ಹಬ್ಬಿದ್ದು ಅವನಿಗೆ ಸಹಿಸಲಾಗಲಿಲ್ಲ.

"ಭಾವ, ನಿಮ್ಮದು ಎರಡೇ ಕಾಲು. ನನ್ನ ಎತ್ತಿಗೆ ನಾಲ್ಕು. ಭೂಮಿ ಸುದ್ದಿ ಯಾರಿಗೆ ಮೊದಲು ತಲುಪುತ್ತೆ, ನೀವೇ ಹೇಳಿ" ಅಂದ.

ಒಂದು ಸಲ ನಾವು ಅಲ್ಲಿಗೆ ಹೋಗಿದ್ದಾಗ ಎತ್ತು ಮೇವು ಬಿಟ್ಟಿತು. ಕಿವಿ ನೆಟ್ಟಗೆ, ಕಣ್ಣು ದೊಡ್ಡದು, ಹುಲ್ಲು ಮುಂದಿಟ್ಟರೆ ಮುಖ ತಿರುಗಿಸುತ್ತದೆ. ಹೆಂಡತಿಯ ಅಣ್ಣ ಓಡಿಹೋಗಿ ಮಿಲ್ಲು ನಿಲ್ಲಿಸಿದ. ಕೆಲಸದವರನ್ನೆಲ್ಲ ಹೊರಗೆ ಹಾಕಿ, ಎಣ್ಣೆ ಡಬ್ಬಗಳನ್ನೆಲ್ಲ ಹೊರಿಸಿ, ತೆಂಗಿನ ಮರದ ಕೆಳಗೆ ಸಾಲಾಗಿ ನಿಲ್ಲಿಸಿದ.

"ಭೂಮಿ ಅಲ್ಲಾಡುತ್ತೆ ಅಂತೀಯ, ತೆಂಗಿನ ಮರದ ಕೆಳಗೆ ನಿಲ್ಲಿಸ್ತೀಯ?" ಅಂದೆ. ಎಲ್ಲರೂ ಮೇಲೆ ನೋಡಿದರು. ಎಲ್ಲರೂ ಬಯಲಿಗೆ ಹೋದರು.

ನಾನು ಚಪ್ಪಲಿ ಬಿಟ್ಟು, ಅಂಗಾಲು ಊರಿ, ಕಣ್ಣು ಮುಚ್ಚಿದೆ. ಪಾಲಕ್ಕಾಡಿನವರೆಗೆ ನೆಲ ಶಾಂತವಾಗಿತ್ತು. "ಏನೂ ಬರಲ್ಲ, ಒಳಗೆ ಹೋಗಿ" ಅಂದೆ. ಅಣ್ಣ ಒಪ್ಪಲಿಲ್ಲ. ಮಧ್ಯಾಹ್ನದ ಬಿಸಿಲಿನವರೆಗೂ ಎಲ್ಲರನ್ನೂ ಬಯಲಿನಲ್ಲೇ ಒಣಗಿಸಿದ. ಕೊನೆಗೆ ದನದ ಡಾಕ್ಟರು ಬಂದು ಎತ್ತಿನ ಹೊಟ್ಟೆ ತಟ್ಟಿ ನೋಡಿ, ಮಿಲ್ಲಿನ ಹಿಂದೆ ಹೋಗಿ ಬಂದು ಹೇಳಿದರು: "ಹರಿದ ಮೂಟೆಯಲ್ಲಿ ಇರಬೇಕಾದ ಹಿಂಡಿ ಎಲ್ಲ ಇದರೊಳಗೆ ಇದೆ."

ಮನೆಗೆ ಬಂದು ಮಗನಿಗೆ ಹೇಳಿದೆ: "ಬರಲ್ಲ ಅಂದೆ, ಬರಲಿಲ್ಲ. ನನ್ನ ಮಾತು ನಿಜ ಆಯ್ತು. ಗುಂಡಿ ಉಳಿಯಿತು ತಾನೇ?"

"ಬರಲ್ಲ ಅಂತ ನಾನೂ ದಿನಾ ಹೇಳ್ತೀನಿ ಅಪ್ಪಾ" ಅಂದ. "ಅದಕ್ಕೆ ನಾನು ಕಾಂಗೇಯಂಗೆ ಹೋಗಲ್ಲ, ಅಷ್ಟೇ."

ಲೋಟದ ಗೋಪುರ

ಒಂದು ಕೊರತೆ ಇತ್ತು, ಒಪ್ಪುತ್ತೇನೆ. ಊಟಕ್ಕೋ ನಿದ್ದೆಗೋ ನಾನು ಗುಂಡಿಯಿಂದ ಎದ್ದಾಗ ಭೂಮಿ ಯಾರಿಗೆ ಹೇಳಬೇಕು? ಅದಕ್ಕೆ ಮನೆಯಲ್ಲಿದ್ದ ಸ್ಟೀಲ್ ಲೋಟಗಳನ್ನೆಲ್ಲ ಗುಂಡಿಯ ಪಕ್ಕದಲ್ಲಿ ಒಂದರ ಮೇಲೊಂದು ಬೋರಲು ಇಟ್ಟು ಗೋಪುರ ಕಟ್ಟಿದೆ. ನೆಲ ಸ್ವಲ್ಪ ಮಿಸುಕಿದರೂ ಬಿದ್ದು ಸದ್ದು ಮಾಡಬೇಕು.

"ಕಾಫಿ ಯಾವುದರಲ್ಲಿ ಕೊಡಲಿ?" ಅಂದಳು ಹೆಂಡತಿ.

"ಚೆಂಬಿನಲ್ಲಿ ಕೊಡು."

ಹೀಗೆ ನಾವು ಚೆಂಬಿನಲ್ಲಿ ಕಾಫಿ ಕುಡಿಯುತ್ತಿದ್ದ ಕಾಲದಲ್ಲೇ ಮಗನಿಗೆ ತುಡಿಯಲೂರಿನಿಂದ ಸಂಬಂಧ ಬಂತು. ಹೆಣ್ಣಿನ ಅಪ್ಪನದು ಪಂಪಿಗೆ ಬಿಡಿಭಾಗ ಕಡೆಯುವ ಲೇತ್ ಶೆಡ್ಡು. ಭಾರೀ ದೇಹ. ಮನೆ ನೋಡಲು ಬಂದವರು ಮೊದಲು ನೋಡಿದ್ದೇ ನನ್ನ ಗುಂಡಿ.

"ಬೀಗರೇ, ಹುಡುಗ ಒಳ್ಳೆಯವನು. ಆದರೆ ನಡುಮನೆಯಲ್ಲಿ ಹಳ್ಳ ಇಟ್ಟುಕೊಂಡು ಸಂಸಾರ ಮಾಡೋಕಾಗುತ್ತಾ? ನನ್ನ ಮಗಳು ಎಡವಿ ಬಿದ್ದರೆ? ಇದನ್ನು ಮುಚ್ಚಿ ಪವರ್‌ಲೂಮ್ ಹಾಕಿ, ಆಮೇಲೆ ಮದುವೆ ಮಾತು" ಅಂದರು.

ಮಗ ನನ್ನ ಕಡೆ ನೋಡಿದ. ನಾನು ಸೂರು ನೋಡಿದೆ. ಬೀಗರು ಮಾತು ಮುಗಿಸಿ ಮಂಚದ ಮೇಲೆ ಕೂತರು.

ಗೋಪುರ ಸುರಿದು ಬಿತ್ತು. ಆ ಸದ್ದಿಗೆ ನಾನು ಆಗಲೇ ಬಾಗಿಲಲ್ಲಿದ್ದೆ. "ಬಂತು! ಹೊರಗೆ! ಹೊರಗೆ!" ಅಂದೆ. ಬೀಗರು ನನ್ನನ್ನು ಬದಿಗೆ ಸರಿಸಿ ಮೊದಲು ಓಡಿದರು, ಪಿಳ್ಳೈಯಾರ್ ಗಣಪನ ಗುಡಿಯವರೆಗೆ. ಆ ದೇಹಕ್ಕೆ ಆ ಓಟ ಇದೆ ಅಂತ ಅವರ ಹೆಂಡತಿಗೇ ಅವತ್ತು ಗೊತ್ತಾದದ್ದು.

ಎಲ್ಲರನ್ನೂ ವಾಪಸ್ಸು ಕರೆತಂದು, ಮಂಚ ಬಿಟ್ಟು ಬೇರೆ ಕಡೆ ಕೂರಿಸಿದ್ದಾಯಿತು. ನನ್ನ ಹೆಂಡತಿ ಬಿದ್ದ ಲೋಟಗಳನ್ನು ಆರಿಸಿ, ತೊಳೆದು, ಕಾಫಿ ತಂದಿಟ್ಟಳು.

"ಬೀಗರು ಆಗಾಗ ಬಂದು ಒಂದು ಸಲ ಕೂತು ಹೋಗಲಿ" ಅಂದಳು. "ನನಗೂ ಲೋಟ ಸಿಗುತ್ತೆ."

ಮಣ್ಣಿನ ಬಂಡಿ

ಹೆಣ್ಣು ಮಗನಿಗೆ ಮೆಚ್ಚಿಗೆಯಾಗಿತ್ತು. ಇನ್ನು ಅವನು ಕಾಯುವವನಲ್ಲ. ಒಂದು ಬೆಳಿಗ್ಗೆ ಬಾಗಿಲಿಗೆ ಮಣ್ಣಿನ ಬಂಡಿ ಬಂತು, ಜೊತೆಗೆ ಮೇಸ್ತ್ರಿ ಬಂದ. ನಾನು ಅವರಿಗಿಂತ ಮೊದಲೇ ಎದ್ದು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದೆ.

"ಅಪ್ಪಾ, ಏಳಿ."

"ಏಳಲ್ಲ. ಇವತ್ತು ಭೂಮಿ ಅಲ್ಲಾಡುತ್ತೆ. ಈ ಹೊತ್ತಿನಲ್ಲಿ ಮುಚ್ಚಬಾರದು."

"ನಿನ್ನೆ ಯಾಕೆ ಹೇಳಲಿಲ್ಲ?"

"ನಿನ್ನೆ ಮಣ್ಣು ಬಂದಿರಲಿಲ್ಲ."

ಮೇಸ್ತ್ರಿ ಒಳ್ಳೆಯವನು. "ದೊಡ್ಡವರೇ, ಕಾಲು ಮೇಲೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಗಿಡ ನೆಟ್ಟ ಹಾಗೆ ಆಗುತ್ತೆ" ಅಂದ. ನಾನು ಅಲ್ಲಾಡಲಿಲ್ಲ. ಬಿಸಿಲು ಏರಿತು. ಮೇಸ್ತ್ರಿ ಬೀಡಿ ಸೇದಿದ, ಬಂಡಿಯ ಎತ್ತು ಮಲಗಿತು, ಮಗ ಬಾಗಿಲಿಗೂ ಗುಂಡಿಗೂ ನಡುವೆ ತಿರುಗಾಡಿದ. ಊಟದ ಹೊತ್ತಿಗೆ ಅವನು ಸಾಕಾಗಿ, "ಮೇಸ್ತ್ರೀ, ಇವರು ಇದ್ದ ಹಾಗೇ ಸುತ್ತ ತುಂಬಿ" ಅಂದ.

ಮೇಸ್ತ್ರಿ ಮೊದಲ ಬುಟ್ಟಿ ಎತ್ತಿದ. ಅಷ್ಟರಲ್ಲಿ ನೆಲ ನಡುಗಿತು.

ಯಾರೂ ಗಮನ ಕೊಡಲಿಲ್ಲ. ಬೀದಿ ತುಂಬ ಪವರ್‌ಲೂಮ್ ಆದ ಮೇಲೆ ನಮ್ಮ ಮನೆಗಳು ದಿನವಿಡೀ ನಡುಗುತ್ತಲೇ ಇದ್ದವು. ಅಡುಗೆಮನೆಯಿಂದ ನನ್ನ ಹೆಂಡತಿ ಮಾತ್ರ ಕೂಗಿದಳು: "ಏನೂಂದ್ರೆ, ಪಾತ್ರೆ ಅಲ್ಲಾಡ್ತಾ ಇದೆ."

"ಎದುರು ಮನೆ ಪವರ್‌ಲೂಮ್, ಅಮ್ಮಾ" ಅಂದ ಮಗ.

"ಬೆಳಿಗ್ಗೆಯಿಂದ ಕರೆಂಟೇ ಇಲ್ಲವಲ್ಲೋ!"

ಮಗ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಬುಟ್ಟಿ ನೋಡಿದ. ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಓಡಿದರು. ಬೀದಿಯೆಲ್ಲ ಓಡಿತು. ನಾನೊಬ್ಬ ಕೂತೇ ಇದ್ದೆ.

ನಾಲ್ಕು ಹೆಂಚು ಜಾರಿ ಎಲ್ಲ ನಿಂತ ಮೇಲೆ ಜನ ನಮ್ಮ ಮನೆ ಮುಂದೆ ಸೇರಿದರು. ಆಮೇಲೆ ರೇಡಿಯೋದಲ್ಲಿ ಬಹಳ ಸಣ್ಣದು ಅಂದರಂತೆ. ಅವರು ಮೇಲಿಂದ ನೋಡಿದವರು.

"ದೊಡ್ಡಪ್ಪಾ, ನೀವು ಓಡಲೇ ಇಲ್ಲವಲ್ಲ!" ಅಂದರು.

"ಎಲ್ಲಿಗೆ ಓಡೋದು? ಇಷ್ಟೇ ಅಂತ ನನಗೆ ಗೊತ್ತಿತ್ತು."

ಮೇಸ್ತ್ರಿ ಗುಂಡಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಇದಕ್ಕೆ ಮಣ್ಣು ಹಾಕುವ ಕೈ ನನ್ನದಲ್ಲ" ಅಂತ ಬಂಡಿ ಹೊಡೆದುಕೊಂಡು ಹೋದ.

ಜನ ಕರಗಿದ ಮೇಲೆ ಹೆಂಡತಿ ಬಂದು, "ಸರಿ, ಏಳಿ, ಊಟಕ್ಕೆ" ಅಂದಳು.

"ಏಳೋಕಾಗಲ್ಲ ಕಣೇ. ಎರಡೂ ಕಾಲು ಜೋಮು ಹಿಡಿದಿದೆ. ಗಿಲ್ಲಿದರೂ ಗೊತ್ತಾಗಲ್ಲ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಗಿಲ್ಲಿದ್ದು ಗೊತ್ತಾಗದ ಕಾಲಿಗೆ ಭೂಮಿ ಹೇಳಿದ್ದು ಹೇಗೆ ಕೇಳಿಸಿತು?"

ಆಗ ನನಗೆ ಹೊಳೆಯಿತು. ಜೋಮು ಹಿಡಿದದ್ದು ಮೊದಲು, ಭೂಮಿ ಅಲ್ಲಾಡಿದ್ದು ಆಮೇಲೆ. "ಅದೇ ಕಣೇ ಗುರುತು! ಜೋಮೇ ಗುರುತು!" ಅಂದೆ. ಸಂಜೆಯೊಳಗೆ ಬೀದಿಗೆಲ್ಲ ತಿಳಿಸಿದೆ. ಮಗ ಅಲ್ಲೇ ನಿಂತು ಕೇಳುತ್ತಿದ್ದ. ಎಡಗಾಲಿನ ಮೇಲಿದ್ದ ಭಾರವನ್ನು ಮೆಲ್ಲಗೆ ಬಲಗಾಲಿಗೆ ಹಾಕಿದ.

ಬಸ್ಸಿನ ಹಾರನ್ನು

"ನಾನು ಕೊಟ್ಟ ಮಾತು ನಡೆಸ್ತೀನಿ, ಗುಂಡಿ ಮುಟ್ಟಲ್ಲ" ಅಂದ ಮಗ. "ಆದರೆ ತುಡಿಯಲೂರಿನ ಮಾವ ಮಾತು ಕೊಟ್ಟಿಲ್ಲವಲ್ಲ."

ಅದು ನಿಜ. ಮದುವೆ ನಿಶ್ಚಯವಾಗಿದ್ದರೂ ಬೀಗರು ಪಟ್ಟು ಬಿಟ್ಟಿರಲಿಲ್ಲ. ತುಡಿಯಲೂರಿನ ಕಲ್ಯಾಣ ಮಂಟಪದಲ್ಲಿ ಮದುವೆಯ ದಿನವೂ ಮಾಲೆ ಹಾಕಿಕೊಂಡೇ ನನ್ನ ಕಿವಿಗೆ ಹೇಳಿದರು: "ನಾಳೆ ನನ್ನ ಆಳುಗಳು ಬರ್ತಾರೆ. ಮಗಳು ಮನೆ ತುಂಬುವ ಮೊದಲು ಗುಂಡಿ ತುಂಬಬೇಕು."

ಹೋಮದ ಮುಂದೆ ಮಗ ಚಕ್ಕಂಬಟ್ಲೆ ಹಾಕಿ ಕೂತ. ಪುರೋಹಿತರು ಅವಸರದವರಲ್ಲ. ಮಂತ್ರ ನಡೆಯಿತು, ಮತ್ತೆ ನಡೆಯಿತು. ಇನ್ನೇನು ಮುಹೂರ್ತ ಬಂತು ಅನ್ನುವಾಗ ಮಗನ ಮುಖ ಬಿಳುಚಿತು. ನನ್ನನ್ನು ಹತ್ತಿರ ಕರೆದ.

"ಅಪ್ಪಾ, ಕಾಲು ಜೋಮು ಹಿಡಿದಿದೆ."

"ಒಂದಾ, ಎರಡಾ?"

"ಎರಡೂ."

ನಾನು ಮಂಟಪದ ನಡುವೆ ನಿಂತು ತಿಳಿಸಬೇಕಾದದ್ದನ್ನು ತಿಳಿಸಿದೆ. ನಮ್ಮ ಬೀದಿಯವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಅವರು ಎದ್ದದ್ದು ನೋಡಿ ಹೆಣ್ಣಿನ ಕಡೆಯವರು ಎದ್ದರು. ಮಗನನ್ನು ನಾಲ್ಕು ಜನ ಕೂತ ಹಾಗೇ ಹೊತ್ತುಕೊಂಡು ಬಂದರು. ರಸ್ತೆ ದಾಟಿ, ಬಸ್ ಸ್ಟಾಪಿನ ಬಯಲಲ್ಲಿ ಎಲ್ಲರೂ ನಿಂತೆವು. ಮುಹೂರ್ತ ಮೀರುತ್ತಿದೆ, ಒಳಗೆ ಹೋಗಲು ಯಾರೂ ತಯಾರಿಲ್ಲ.

"ಇಲ್ಲೇ ಕಟ್ಟಲಿ" ಅಂದರು ಪುರೋಹಿತರು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಗಂಡು ಹೆಣ್ಣು ಕೂತರು. ಗಟ್ಟಿಮೇಳಕ್ಕೆ ನೋಡಿದರೆ ವಾಲಗದವರು ಎಲ್ಲರಿಗಿಂತ ದೂರ ಓಡಿದ್ದರು. ಅಷ್ಟರಲ್ಲಿ ಮೇಟ್ಟುಪಾಳ್ಯಂ ಕಡೆಯಿಂದ ಬಸ್ಸು ಬಂತು. ಸಂಗತಿ ಹೇಳಿದ ಕೂಡಲೇ ಡ್ರೈವರ್ ಹಾರನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ, ಕಂಡಕ್ಟರ್ ಸೀಟಿ ಊದಿದ, ಪ್ರಯಾಣಿಕರು ಕಿಟಕಿಯಿಂದ ಅಕ್ಷತೆ ಹಾಕಿದರು. ಮಗ ತಾಳಿ ಕಟ್ಟಿದ.

ಭೂಮಿ ಅಲ್ಲಾಡಲಿಲ್ಲ. ಎಲ್ಲರೂ ಆಗಲೇ ಹೊರಗೆ ಬಂದಿದ್ದಾರೆ, ಇನ್ನು ಅಲ್ಲಾಡಿ ಏನು ಪ್ರಯೋಜನ ಅಂತ ಅದಕ್ಕೇ ಅನ್ನಿಸಿರಬೇಕು. ನನ್ನ ಹೆಂಡತಿಯನ್ನು ಹುಡುಕಿದರೆ ಅವಳು ಹೊರಗೆ ಬಂದೇ ಇರಲಿಲ್ಲ. ಮಂಟಪದ ಊಟದ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಒಬ್ಬಳೇ ಕೂತು ಪಾಯಸಕ್ಕೆ ಬಂದಿದ್ದಳು.

ಬೀಗರು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದರು.

"ಬೀಗರೇ, ಆ ಗುಂಡಿ ಮುಚ್ಚೋದು ಬೇಡ. ಪವರ್‌ಲೂಮಿಗೆ ಹಿತ್ತಲಲ್ಲಿ ನಾನೇ ಶೆಡ್ಡು ಹಾಕಿಸಿಕೊಡ್ತೀನಿ. ಗುಂಡಿ ಇದ್ದರೆ ನೀವು ಅದರಲ್ಲಿ ಕೂತಿರ್ತೀರಿ. ಮುಚ್ಚಿಬಿಟ್ಟರೆ ಎಲ್ಲ ಮದುವೆಗಳಿಗೂ ಬರ್ತೀರಿ."

ನನ್ನ ಕಾಲಿನ ಬೆಲೆ ಸರಿಯಾಗಿ ಅರ್ಥವಾದದ್ದು ಅವರೊಬ್ಬರಿಗೇ.